ಮನೆಯ ಅಂತರ್ಜಾಲವೂ ಕಳುಹಿಸುವ ವೇಗವೂ

ಅಂತರ್ಜಾಲದ ವೇಗವೆಂದರೆ ಒಂದೇ ವೇಗವೆಂದು ನಮ್ಮಲ್ಲಿ ಬಹುಮಂದಿ ಭಾವಿಸಿರುತ್ತಾರೆ. ವಾಸ್ತವವಾಗಿ ಅದು ಎರಡು. ಹೊರಗಿನಿಂದ ನಮ್ಮ ಮನೆಗೆ ಬರುವ ವಿಷಯದ ವೇಗ ಒಂದು. ನಮ್ಮ ಮನೆಯಿಂದ ಹೊರಕ್ಕೆ ಹೋಗುವ ವಿಷಯದ ವೇಗ ಮತ್ತೊಂದು. ಮೊದಲನೆಯದನ್ನು ಡೌನ್‌ಲೋಡ್ ಎಂದೂ ಎರಡನೆಯದನ್ನು ಅಪ್‌ಲೋಡ್ ಎಂದೂ ಕರೆಯುವುದು ರೂಢಿ. ಈ ಲೇಖನದಲ್ಲಿ ಅವನ್ನು ‘ತರಿಸುವ ವೇಗ’, ‘ಕಳುಹಿಸುವ ವೇಗ’ ಎಂದು ಕರೆಯುತ್ತೇನೆ. ಚಲನಚಿತ್ರ ನೋಡುವವನಿಗೆ ಮೊದಲನೆಯದಿದ್ದರೆ ಸಾಕು. ಪರೀಕ್ಷೆಯ ಅರ್ಜಿ, ನೌಕರಿಯ ಅರ್ಜಿ, ಅಂಕಪಟ್ಟಿಯ ನಕಲು, ಅಧ್ಯಾಪಕರಿಗೆ ಒಪ್ಪಿಸಬೇಕಾದ ಪ್ರಬಂಧ ಇವನ್ನೆಲ್ಲ ಮನೆಯಿಂದಲೇ ಕಳುಹಿಸಬೇಕಾದ ವಿದ್ಯಾರ್ಥಿಗೆ ಎರಡನೆಯದೇ ಪ್ರಾಣ.

ನಾನು ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದ ಬೆಟ್ಟದ ಬುಡದವನು. ನಮ್ಮ ಕಡೆಯ ಮನೆಗಳಲ್ಲಿ ಚಲನಚಿತ್ರವೇನೋ ಸರಾಗವಾಗಿ ಓಡುತ್ತದೆ. ಹತ್ತು ಪುಟದ ಕಡತವೊಂದನ್ನು ಕಳುಹಿಸಹೋದರೆ ಮಾತ್ರ ಚಕ್ರ ತಿರುಗುತ್ತಲೇ ಇರುತ್ತದೆ. ನನ್ನ ಸಹಪಾಠಿಯೊಬ್ಬಳಿಗೆ ಒಂದು ವರ್ಷದ ಶುಲ್ಕದ ನೆರವು ಈ ಚಕ್ರದಿಂದಲೇ ತಪ್ಪಿತು. ಕಡೆಯ ದಿನದ ರಾತ್ರಿ ಆಕೆ ಮೂರು ಸಲ ಯತ್ನಿಸಿದಳು. ಮೂರು ಸಲವೂ ಕಡತ ಮುಕ್ಕಾಲು ದಾರಿಯಲ್ಲಿ ನಿಂತಿತು. ಹನ್ನೆರಡು ಗಂಟೆ ಹೊಡೆಯಿತು. “ನೆಟ್ ಸರಿಯಿಲ್ಲ” ಎಂಬ ಎರಡು ಮಾತಿನಲ್ಲಿ ಊರವರು ಇದನ್ನು ಮುಗಿಸಿಬಿಟ್ಟರು. ಆದರೆ ‘ಸರಿಯಿಲ್ಲ’ ಎಂಬುದು ರೋಗದ ಹೆಸರಲ್ಲ. ರೋಗ ಎಲ್ಲಿದೆಯೆಂದು ಹುಡುಕುವುದಕ್ಕೆ ಒಂದು ಕ್ರಮವಿದೆ. ಆ ಕ್ರಮವನ್ನೂ ಅದರ ಹಿಂದಿನ ಕಾರಣಗಳನ್ನೂ, ವಿಜ್ಞಾನವನ್ನು ಅಭ್ಯಾಸಮಾಡದ ನನ್ನಂಥ ಕಲಾವಿಭಾಗದವರಿಗೂ ತಿಳಿಯುವಂತೆ ಹೇಳುವುದೇ ಈ ಲೇಖನದ ಉದ್ದೇಶ.

ಈ ಪಕ್ಷಪಾತ ಹುಟ್ಟಿದ ಬಗೆ

ಕಳುಹಿಸುವ ವೇಗ ಕಡಿಮೆಯಿರುವುದು ಎಲ್ಲ ಸಂದರ್ಭದಲ್ಲಿಯೂ ಕೆಟ್ಟುಹೋದುದರ ಲಕ್ಷಣವಲ್ಲ. ಬಹುಮಟ್ಟಿಗೆ ಅದು ಹುಟ್ಟುಗುಣ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ದೂರವಾಣಿಯ ತಾಮ್ರದ ತಂತಿಯ ಮೇಲೆಯೇ ವೇಗದ ಸಂಪರ್ಕ ಕೊಡುವ ಏರ್ಪಾಡು, ಅಂದರೆ ಬ್ರಾಡ್‌ಬ್ಯಾಂಡ್, ಬಿ.ಎಸ್.ಎನ್.ಎಲ್. ಮೂಲಕ 2005ರ ಜನವರಿಯಲ್ಲಿ ಆರಂಭವಾಯಿತು. ಅದಕ್ಕೆ ಬಳಸಿದ ವಿಧಾನದ ಹೆಸರು ಎ.ಡಿ.ಎಸ್.ಎಲ್. ಆ ಹೆಸರಿನ ಮೊದಲ ಅಕ್ಷರಕ್ಕೇ ‘ಅಸಮ’ ಎಂದು ಅರ್ಥ. ತಂತಿಯಲ್ಲಿ ಮಾತು ಸಾಗುವುದು 4 ಕಿಲೋಹರ್ಟ್ಸ್‌ನೊಳಗೆ. ಅದರ ಮೇಲೆ, ಸುಮಾರು 26ರಿಂದ 138 ಕಿಲೋಹರ್ಟ್ಸ್‌ವರೆಗಿನ ಕಿರುಪಟ್ಟಿಯನ್ನು ಕಳುಹಿಸುವುದಕ್ಕೂ, 138ರಿಂದ 1104 ಕಿಲೋಹರ್ಟ್ಸ್‌ವರೆಗಿನ ಹಿರಿಪಟ್ಟಿಯನ್ನು ತರಿಸುವುದಕ್ಕೂ ಮೀಸಲಿಟ್ಟರು. ಲೆಕ್ಕ ಹಾಕಿದರೆ ಒಂದಕ್ಕೆ ಎಂಟೂವರೆಗಿಂತ ಹೆಚ್ಚಿನ ಅಂತರ. ಒಂದೇ ರಸ್ತೆಯಲ್ಲಿ ಬರುವವರಿಗೆ ಎಂಟು ಸಾಲು, ಹೋಗುವವರಿಗೆ ಒಂದೇ ಸಾಲು.

ಹೀಗೇಕೆ ಮಾಡಿದರು? ಜನ ಕಳುಹಿಸುವುದಕ್ಕಿಂತ ತರಿಸಿಕೊಳ್ಳುವುದೇ ಹೆಚ್ಚು ಎಂಬುದು ಒಂದು ಕಾರಣ. ಅದಕ್ಕಿಂತ ಸ್ವಾರಸ್ಯವಾದ ಕಾರಣ ಇನ್ನೊಂದಿದೆ. ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್‌ಲೈಡರ್ ಎಂಬ ಎಂಜಿನಿಯರು 1980ರ ದಶಕದ ಕೊನೆಯಲ್ಲಿ ಇದನ್ನು ಎತ್ತಿ ತೋರಿಸಿದರು. ಊರಿನ ನೂರಾರು ತಂತಿಗಳು ದೂರವಾಣಿ ಕೇಂದ್ರದ ಬಳಿ ಒಂದೇ ಕಂತೆಯಾಗಿ ಕೂಡುತ್ತವೆ. ದೂರದ ಮನೆಗಳಿಂದ ಹೊರಟ ಸಂಕೇತ ಅಲ್ಲಿಗೆ ಬರುವಷ್ಟರಲ್ಲಿ ಬಳಲಿ ಕ್ಷೀಣಿಸಿರುತ್ತದೆ. ಕೇಂದ್ರದಿಂದ ಆಗತಾನೆ ಹೊರಡುವ ಸಂಕೇತವಾದರೋ ಪುಷ್ಟವಾಗಿರುತ್ತದೆ. ಎರಡೂ ಒಂದೇ ಪಟ್ಟಿಯಲ್ಲಿದ್ದರೆ ಪಕ್ಕದ ತಂತಿಯ ಬೊಬ್ಬೆಯಲ್ಲಿ ಈ ಬಳಲಿದ ದನಿ ಮುಳುಗಿಹೋಗುತ್ತದೆ. ಚಿಂತಾಮಣಿಯ ಟಮೋಟ ಮಂಡಿಯಲ್ಲಿ ಹರಾಜು ಕೂಗುವವನ ಪಕ್ಕದಲ್ಲಿ ನಿಂತುಕೊಂಡು, ಗೇಟಿನ ಆಚೆಯಿಂದ ಅಜ್ಜಿಯೊಬ್ಬಳು ಆಡುವ ಮಾತನ್ನು ಕೇಳಬೇಕಾದವನ ಪಾಡು ಹೇಗೋ ಹಾಗೆ. ಎರಡು ದಿಕ್ಕಿಗೂ ಬೇರೆ ಬೇರೆ ಪಟ್ಟಿ ಕೊಟ್ಟು, ದೂರ ಸಾಗಬಲ್ಲ ಕೆಳಗಿನ ಕಿರುಪಟ್ಟಿಯನ್ನು ಬಡದನಿಗೆ ಬಿಟ್ಟರೆ ಒಟ್ಟಿನ ಮೇಲೆ ಲಾಭ ಹೆಚ್ಚೆಂದು ಅವರು ತೋರಿಸಿದರು. ಜಗತ್ತು ಅದನ್ನೇ ಅನುಸರಿಸಿತು.

ನಮ್ಮ ಸರ್ಕಾರದ ವ್ಯಾಖ್ಯೆಗಳಲ್ಲಿಯೂ ಇದೇ ಛಾಯೆಯುಂಟು. 2004ರ ಬ್ರಾಡ್‌ಬ್ಯಾಂಡ್ ನೀತಿ ಕನಿಷ್ಠ ವೇಗವನ್ನು ಸೆಕೆಂಡಿಗೆ 256 ಕಿಲೋಬಿಟ್ ಎಂದು ಗೊತ್ತುಮಾಡಿತು; 2013ರಲ್ಲಿ ಅದು 512 ಆಯಿತು; 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು. ಮೂರೂ ಸಲ ಗೊತ್ತುಮಾಡಿದ್ದು ತರಿಸುವ ವೇಗವನ್ನೇ.

ಅಸಮತೆ ಎಷ್ಟು ದೂರ ಹೋಗಬಹುದೆಂಬುದಕ್ಕೆ 2009ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆದ ಒಂದು ಪಂದ್ಯ ಪ್ರಸಿದ್ಧವಾಗಿದೆ. ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ 4 ಗಿಗಾಬೈಟಿನ ಸ್ಮರಣಪಟ್ಟಿಯನ್ನು ಕಟ್ಟಿ ಹೋವಿಕ್ ಎಂಬಲ್ಲಿಂದ ಡರ್ಬನ್ ನಗರಕ್ಕೆ ಹಾರಬಿಟ್ಟರು. ಅದೇ ವಿಷಯವನ್ನು ಅಲ್ಲಿನ ಎ.ಡಿ.ಎಸ್.ಎಲ್. ತಂತಿಯಲ್ಲಿಯೂ ಕಳುಹಿಸತೊಡಗಿದರು. ಹಾರಾಟವೂ ನಕಲು ಮಾಡುವ ಕೆಲಸವೂ ಸೇರಿ ಪಾರಿವಾಳಕ್ಕೆ ಸುಮಾರು ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ತಂತಿಯ ಮೂಲಕ ಹೋದದ್ದು ನೂರಕ್ಕೆ ನಾಲ್ಕು ಪಾಲು ಮಾತ್ರ! ಲೆಕ್ಕ ಮಾಡಿದರೆ ಅದು ಸೆಕೆಂಡಿಗೆ ಒಂದು ಮೆಗಾಬಿಟ್ಟಿನ ಆರನೆಯ ಒಂದು ಪಾಲಿನಷ್ಟಾಗುತ್ತದೆ.

ಮೊದಲು ಅಳತೆ, ಆಮೇಲೆ ಮಾತು

ಬಿಟ್ ಬೇರೆ, ಬೈಟ್ ಬೇರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸಂಪರ್ಕ ಕೊಡುವವರು ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತಾರೆ. ಕಡತದ ಗಾತ್ರವನ್ನು ಗಣಕಯಂತ್ರ ಮೆಗಾಬೈಟ್‌ನಲ್ಲಿ ತೋರಿಸುತ್ತದೆ. ಕಳುಹಿಸುವ ವೇಗ ಸೆಕೆಂಡಿಗೆ 1 ಮೆಗಾಬಿಟ್ ಇದ್ದರೆ 20 ಮೆಗಾಬೈಟಿನ ಕಡತಕ್ಕೆ 20 ಸೆಕೆಂಡಲ್ಲ, 160 ಸೆಕೆಂಡು ಬೇಕು. ಇಷ್ಟನ್ನು ತಿಳಿಯದೆ ಜಗಳಕ್ಕೆ ಹೊರಟವರನ್ನು ನಾನು ಕಂಡಿದ್ದೇನೆ.

ಎರಡನೆಯದಾಗಿ, ನಾವು ಹಣ ತೆತ್ತಿರುವ ಯೋಜನೆಯಲ್ಲಿ ಕಳುಹಿಸುವ ವೇಗ ಎಷ್ಟೆಂದು ಬರೆದಿದೆಯೋ ನೋಡಬೇಕು. ದೊಡ್ಡ ಅಕ್ಷರದಲ್ಲಿರುವುದು ತರಿಸುವ ವೇಗವಾಗಿರಬಹುದು. ಮೂರನೆಯದಾಗಿ, ಒಂದು ನೋಟುಪುಸ್ತಕ ತೆಗೆದುಕೊಂಡು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ ಹೀಗೆ ಮೂರು ಹೊತ್ತು, ಮೂರು ದಿನ, ಎರಡೂ ವೇಗಗಳನ್ನು ಅಳೆದು ಬರೆದಿಡಬೇಕು. ಅಳೆಯುವಾಗ ಗಣಕಯಂತ್ರವನ್ನು ರೂಟರಿಗೆ ತಂತಿಯಿಂದಲೇ ಜೋಡಿಸಿರಬೇಕು, ಮನೆಯ ಉಳಿದ ಯಂತ್ರಗಳೆಲ್ಲ ಆರಿರಬೇಕು. ಆಮೇಲೆ ಅದೇ ಅಳತೆಯನ್ನು ವೈ-ಫೈ ಮೂಲಕ, ನಾವು ನಿತ್ಯ ಕುಳಿತು ಓದುವ ಕೋಣೆಯಿಂದ ಮಾಡಬೇಕು.

ಈ ಒಂದು ಹೋಲಿಕೆಯಿಂದಲೇ ಅರ್ಧ ಕೆಲಸ ಮುಗಿದಂತೆ. ತಂತಿಯಲ್ಲಿ ವೇಗ ಸರಿಯಾಗಿದ್ದು ವೈ-ಫೈನಲ್ಲಿ ಕುಸಿದರೆ ರೋಗ ಮನೆಯೊಳಗಿದೆ. ತಂತಿಯಲ್ಲಿಯೂ ಕುಸಿದಿದ್ದರೆ ಮನೆಯ ಹೊರಗಿರುವ ಸಂಭವ ಹೆಚ್ಚು. ಹಗಲು ಸರಿಯಾಗಿದ್ದು ರಾತ್ರಿ ಮಾತ್ರ ಕುಸಿದರೆ ಅದು ಊರವರೆಲ್ಲ ಒಟ್ಟಿಗೆ ಬಳಸುವುದರ ನೂಕುನುಗ್ಗಲು.

ಮನೆಯೊಳಗಿನ ಕಾರಣಗಳು

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ನಮಗೆ ತಿಳಿಯದಂತೆ ಇನ್ನಾರು ಕಳುಹಿಸುತ್ತಿದ್ದಾರೆ? 2023ರ ಜುಲೈನಲ್ಲಿ ಟಮೋಟ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿದಾಗ ನಮ್ಮ ಕಡೆಯ ರೈತರು ಹಗಲಿರುಳು ತೋಟ ಕಾದರು. ನಮ್ಮ ಚಿಕ್ಕಪ್ಪನವರು ಮನೆಗೆ ಹೊಂದಿಕೊಂಡ ತೋಟಕ್ಕೆ ಎರಡು ಕ್ಯಾಮೆರಾ ಹಾಕಿಸಿದರು. ಬೆಲೆ ಇಳಿಯಿತು, ಬೆಳೆ ಮುಗಿಯಿತು. ಕ್ಯಾಮೆರಾಗಳು ಮಾತ್ರ ಬಿಡುವಿಲ್ಲದೆ ಕೆಲಸಮಾಡುತ್ತಲೇ ಇದ್ದುವು.

“ಚಿಕ್ಕಪ್ಪ, ಈ ಕ್ಯಾಮೆರಾದ ಚಿತ್ರವೆಲ್ಲ ಎಲ್ಲಿ ಉಳಿಯುತ್ತೆ?” ಎಂದು ನಾನು ಕೇಳಿದೆ.

“ಅದೆಲ್ಲೋ ಕ್ಲೌಡಿನಲ್ಲಿ ಉಳಿಯುತ್ತಂತೆ ಕಣೋ. ನಮಗೇನು ಖರ್ಚಿಲ್ಲವಂತೆ” ಎಂದರು.

ಆ ‘ಕ್ಲೌಡ್’ ಎಂಬುದು ದೂರದ ಊರಿನ ಯಂತ್ರ. ಅಲ್ಲಿಗೆ ನಮ್ಮ ಖಾಲಿ ತೋಟದ ಚಿತ್ರ ಇಪ್ಪತ್ತನಾಲ್ಕು ಗಂಟೆಯೂ ಹೋಗುತ್ತಿದ್ದಿತು. ಒಂದೊಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ನುಂಗಿದರೆ, 5 ಮೆಗಾಬಿಟ್ಟಿನ ಕಳುಹಿಸುವ ದಾರಿಯಲ್ಲಿ ನಮಗೆ ಉಳಿಯುವುದು ಒಂದೇ. ಚಿತ್ರಗಳು ಕ್ಯಾಮೆರಾದೊಳಗಿನ ಸ್ಮರಣಪಟ್ಟಿಯಲ್ಲೇ ಉಳಿದು, ಏನಾದರೂ ಅಲುಗಾಡಿದಾಗ ಮಾತ್ರ ಹೊರಕ್ಕೆ ಹೋಗುವಂತೆ ಬದಲಾಯಿಸಿದೆವು. ವೇಗ ಅಂದೇ ಮರಳಿತು. ಕೈಫೋನಿನ ಛಾಯಾಚಿತ್ರಗಳನ್ನು ತಾನಾಗಿ ದೂರದ ಯಂತ್ರಕ್ಕೆ ಸಾಗಿಸುವ ಏರ್ಪಾಡು, ಗಣಕಯಂತ್ರ ತನಗೆ ಬಂದ ಪರಿಷ್ಕರಣೆಗಳನ್ನು ಇತರರ ಯಂತ್ರಗಳಿಗೆ ಹಂಚುವ ಏರ್ಪಾಡು ಇವೂ ಇದೇ ಜಾತಿಯವು. ಮದುವೆಯ ಮನೆಯಿಂದ ಬಂದ ದಿನ ಫೋನು ಐನೂರು ಚಿತ್ರಗಳನ್ನು ಸಾಗಿಸುತ್ತಿರುವಾಗ ಪ್ರಬಂಧ ಹೋಗಲಿಲ್ಲವೆಂದರೆ ಆಶ್ಚರ್ಯವೇನು?

ಇದರ ಇನ್ನೊಂದು ಮುಖವನ್ನೂ ತಿಳಿಯಬೇಕು. ಕಳುಹಿಸುವ ದಾರಿ ತುಂಬಿದರೆ ತರಿಸುವ ವೇಗವೂ ಕುಗ್ಗುತ್ತದೆ. ಏಕೆಂದರೆ ನಮಗೆ ಬಂದ ವಿಷಯದ ಕಂತುಗಳಿಗೆಲ್ಲ ‘ತಲುಪಿತು’ ಎಂಬ ರಸೀತಿಯನ್ನು ನಾವು ಕಳುಹಿಸುತ್ತಿರಬೇಕು. ರಸೀತಿ ಸಾಲಿನಲ್ಲಿ ಸಿಕ್ಕಿಕೊಂಡರೆ ಅತ್ತಲಿನವನು ಮುಂದಿನ ಕಂತನ್ನು ತಡೆಹಿಡಿಯುತ್ತಾನೆ. ಕೆಲವು ರೂಟರುಗಳು ಹೋಗಲಾಗದ ವಿಷಯವನ್ನೆಲ್ಲ ತಮ್ಮ ಹೊಟ್ಟೆಯಲ್ಲಿ ತುಂಬಿಕೊಂಡು ಉದ್ದನೆಯ ಸಾಲು ನಿಲ್ಲಿಸುತ್ತವೆ. 1 ಮೆಗಾಬಿಟ್ಟಿನ ದಾರಿಗೆ 250 ಕಿಲೋಬೈಟು ಸಾಲುಗಟ್ಟಿತೆಂದರೆ, ಹಿಂದೆ ಬಂದ ಪುಟ್ಟ ರಸೀತಿ ಎರಡು ಸೆಕೆಂಡು ಕಾಯಬೇಕು. ಈ ‘ಹೊಟ್ಟೆಯುಬ್ಬರ’ದ ಕಡೆಗೆ ಜಿಮ್ ಗೆಟಿಸ್ ಮೊದಲಾದ ತಜ್ಞರು 2010ರಿಂದೀಚೆಗೆ ಲೋಕದ ಗಮನ ಸೆಳೆದರು. ರೂಟರಿನಲ್ಲಿ ಅವಕಾಶವಿದ್ದರೆ, ಕಳುಹಿಸುವ ವೇಗವನ್ನು ನಾವು ಅಳೆದ ವೇಗದ ನೂರಕ್ಕೆ ಎಂಬತ್ತೈದು ತೊಂಬತ್ತಕ್ಕೆ ಮಿತಿಗೊಳಿಸುವುದೇ ಇದಕ್ಕೆ ಮದ್ದು. ಸ್ವಲ್ಪ ಬಿಟ್ಟುಕೊಟ್ಟರೆ ಸಾಲು ರೂಟರಿನೊಳಗೇ ಶಿಸ್ತಿಗೆ ಒಳಪಡುತ್ತದೆ. ಮಾತು, ತರಗತಿ, ರಸೀತಿ ಎಲ್ಲಕ್ಕೂ ಎಡೆ ದೊರೆಯುತ್ತದೆ.

ಇನ್ನು ಗೋಡೆಗಳ ವಿಚಾರ. ನಮ್ಮ ಸೀಮೆಯ ಹಳೆಯ ಮನೆಗಳು ಕಲ್ಲಿನವು. ಗೋಡೆಯೂ ಕಲ್ಲು, ಮೇಲುಹೊದಿಕೆಯೂ ಕಲ್ಲುಚಪ್ಪಡಿ. ಬಿಸಿಲಿಗೆ ಅವು ತಂಪು. ವೈ-ಫೈಗೆ ಮಾತ್ರ ಕೋಟೆ. ವೈ-ಫೈ ಅಲೆಗಳು ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ಸಾಗುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಎರಡನೆಯದು ವೇಗದ್ದಾದರೂ ದಪ್ಪ ಗೋಡೆಯ ಮುಂದೆ ಬೇಗ ಸೋಲುತ್ತದೆ. ಮೊದಲನೆಯದು ಸ್ವಲ್ಪ ಹೆಚ್ಚು ದೂರ ನುಗ್ಗುತ್ತದೆ. ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು 1, 6, 11 ಎಂಬ ಮೂರೇ. ನೆರೆಮನೆಗಳವರೆಲ್ಲ ಒಂದೇ ದಾರಿ ಹಿಡಿದರೆ ಗಲಾಟೆ ತಪ್ಪದು. ಮೈಕ್ರೋವೇವ್ ಒಲೆಯೂ ಅಲ್ಲಿಯೇ ಕೂಗುತ್ತದೆ. ಇಲ್ಲಿಯೂ ಕಳುಹಿಸುವ ವೇಗಕ್ಕೇ ಹೆಚ್ಚು ಪೆಟ್ಟು. ರೂಟರು ಗೋಡೆಯ ವಿದ್ಯುತ್ತಿನಿಂದ ನಡೆಯುತ್ತದೆ, ಕೊಂಬುಗಳೂ ದೊಡ್ಡವು. ಕೈಫೋನು ಬ್ಯಾಟರಿಯ ಪುಟ್ಟ ಜೀವ. ಅದರ ದನಿ ಸಾಮಾನ್ಯವಾಗಿ ರೂಟರಿನ ದನಿಗಿಂತ ಸಣ್ಣದು. ಆದುದರಿಂದ ರೂಟರು ಹೇಳಿದ್ದು ಫೋನಿಗೆ ಕೇಳಿಸುತ್ತದೆ, ಫೋನು ಹೇಳಿದ್ದು ರೂಟರಿಗೆ ಕೇಳಿಸುವುದಿಲ್ಲ. ಪರದೆಯ ಮೇಲೆ ಗೀಟುಗಳು ತುಂಬಿದ್ದರೂ ಕಡತ ಹೋಗದಿರುವುದಕ್ಕೆ ಇದೇ ಕಾರಣ: ಆ ಗೀಟುಗಳು ನಮಗೆ ಕೇಳಿಸುವುದರ ಅಳತೆಯೇ ಹೊರತು, ನಮ್ಮ ಮಾತು ಅತ್ತ ಕೇಳಿಸಿತೇ ಎಂಬುದರ ಅಳತೆಯಲ್ಲ.

ನಮ್ಮ ಮನೆಯಲ್ಲಿ ರೂಟರು ನಡುಮನೆಯಲ್ಲಿತ್ತು. ನಾನು ಓದುವುದು ರೇಷ್ಮೆಹುಳು ಸಾಕುವ ಮನೆಯ ಪಕ್ಕದ ಕೋಣೆಯಲ್ಲಿ. ನಡುವೆ ಎರಡು ಕಲ್ಲಿನ ಗೋಡೆ. ಗೋಡೆ ಒಡೆಯಲಾದೀತೇ? ಒಂದು ಉದ್ದನೆಯ ತಂತಿಯನ್ನು ಸೂರಿನಡಿಯಿಂದ ಎಳೆದು ಕೋಣೆಗೆ ತಂದುದೇ ಸುಲಭವಾದ ಪರಿಹಾರವಾಯಿತು. ಈ ತಂತಿಯಲ್ಲಿ ನಾಲ್ಕು ಜೋಡಿ ಎಳೆಗಳಿರುತ್ತವೆ. ಎರಡು ಜೋಡಿ ಮಾತ್ರ ಕೂಡಿಕೊಂಡಿದ್ದರೆ ವೇಗ 100 ಮೆಗಾಬಿಟ್‌ಗೆ ನಿಲ್ಲುತ್ತದೆ. ತುದಿ ಸಡಿಲವಾಗಿದ್ದರೆ ದೋಷಗಳು ತಲೆದೋರುತ್ತವೆ. ತಂತಿಯ ವೆಚ್ಚ ಅಲ್ಪ. ಅನುಮಾನ ಬಂದರೆ ಬದಲಿಸಿ ನೋಡುವುದೇ ಲೇಸು.

ಮನೆಯಿಂದಾಚೆ: ಗಾಜಿನ ಎಳೆ

ತಾಮ್ರದ ತಂತಿಯ ಜಾಗಕ್ಕೆ ಈಗ ಗಾಜಿನ ಎಳೆ ಬಂದಿದೆ. ಗ್ರಾಮ ಪಂಚಾಯಿತಿಗಳಿಗೆಲ್ಲ ಇಂಥ ಎಳೆ ಎಳೆಯುವ ಯೋಜನೆ 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂಬ ಹೆಸರು ತಾಳಿತು. ಮನೆಗಳಿಗೆ ಬರುವ ಗಾಜಿನ ಎಳೆಯಲ್ಲಿ ಬಹು ಬಳಕೆಯ ಪದ್ಧತಿಗೆ ಜಿಪಾನ್ ಎಂದು ಹೆಸರು. ಕೇಂದ್ರದ ಒಂದೇ ಎಳೆ ಕವಲೊಡೆದು ಮೂವತ್ತೆರಡು ಅಥವಾ ಅರವತ್ತನಾಲ್ಕು ಮನೆಗಳಿಗೆ ಹಂಚಿಹೋಗುತ್ತದೆ. ತರಿಸುವುದಕ್ಕೆ ಎಲ್ಲರಿಗೂ ಸೇರಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಕಳುಹಿಸುವುದಕ್ಕೆ ಸುಮಾರು 1.25 ಗಿಗಾಬಿಟ್. ಅಸಮತೆ ಇಲ್ಲಿಯೂ ಇದೆ, ಆದರೆ ಎರಡಕ್ಕೆ ಒಂದರಷ್ಟು ಮಾತ್ರ.

ಕಳುಹಿಸುವ ದಿಕ್ಕಿನಲ್ಲಿ ಇಷ್ಟು ಮನೆಗಳ ಬೆಳಕು ಒಂದೇ ಎಳೆಗೆ ಬಂದು ಸೇರಬೇಕು. ಎಲ್ಲರೂ ಒಟ್ಟಿಗೆ ಮಾತಾಡಿದರೆ ಗತಿಯೇನು? ಇದಕ್ಕೆ ಮಾಡಿರುವ ಏರ್ಪಾಡು ನಮ್ಮ ತರಗತಿಯ ಹಾಜರಿಯನ್ನೇ ಹೋಲುತ್ತದೆ. ಕೇಂದ್ರದ ಯಂತ್ರ ಒಂದೊಂದು ಮನೆಯ ನಂಬರನ್ನೂ ಕೂಗಿ, ‘ಈಗ ನೀನು, ಇಷ್ಟು ಕಾಲ’ ಎಂದು ಅಪ್ಪಣೆ ಕೊಡುತ್ತದೆ. ಗಾಜಿನಲ್ಲಿ ಬೆಳಕಿಗೆ ಒಂದು ಕಿಲೋಮೀಟರು ಸಾಗಲು ಸುಮಾರು 5 ಮೈಕ್ರೋಸೆಕೆಂಡು ಬೇಕಾದುದರಿಂದ, ಹಿಂದಿನ ಬೆಂಚಿನವನ ಉತ್ತರ ತಡವಾಗಿ ತಲುಪುತ್ತದೆ. ಅದಕ್ಕಾಗಿ ಮೊದಲೇ ಪ್ರತಿಯೊಂದು ಮನೆಯ ದೂರವನ್ನೂ ಅಳೆದಿಟ್ಟುಕೊಂಡು, ಉತ್ತರಗಳು ಡಿಕ್ಕಿ ಹೊಡೆಯದಂತೆ ಸಮಯ ಹೊಂದಿಸುತ್ತಾರೆ. ಯಾವುದಾದರೂ ಮನೆಯ ಯಂತ್ರ ಕೆಟ್ಟು, ಕರೆಯದೆಯೇ ಬೆಳಕು ಚೆಲ್ಲತೊಡಗಿದರೆ ಆ ಕವಲಿನವರೆಲ್ಲರ ಕಳುಹಿಸುವ ವೇಗವೂ ಕೆಡುತ್ತದೆ. ಒಬ್ಬನ ಗದ್ದಲದಿಂದ ಇಡೀ ತರಗತಿಯ ಹಾಜರಿ ಕೆಟ್ಟಂತೆ! ಅಕ್ಕಪಕ್ಕದ ಮನೆಯವರಿಗೆಲ್ಲ ಒಂದೇ ಕಾಲಕ್ಕೆ ಇದೇ ತೊಂದರೆಯಿದ್ದರೆ ಈ ಸಂಶಯವನ್ನು ದೂರಿನಲ್ಲಿ ತಪ್ಪದೆ ಹೇಳಬೇಕು.

ನಾವೇ ನೋಡಬಹುದಾದುದು ಇಷ್ಟು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ. ದೀಪ ಸರಿಯಿದ್ದರೂ ಬೆಳಕು ಕ್ಷೀಣವಾಗಿರಬಹುದು. ರೂಟರಿನ ಪುಟದಲ್ಲಿ ಬರುವ ಬೆಳಕಿನ ಬಲವನ್ನು ಡಿ.ಬಿ.ಎಂ. ಎಂಬ ಅಳತೆಯಲ್ಲಿ, ಋಣ ಸಂಖ್ಯೆಯಾಗಿ ತೋರಿಸುತ್ತದೆ. ಮೂರು ಅಂಕ ಇಳಿದರೆ ಬೆಳಕು ಅರ್ಧವಾಯಿತೆಂದು ಅರ್ಥ. ಋಣ 27ರ ಹತ್ತಿರ ಬಂದರೆ ಸಂಪರ್ಕ ಅಂಚಿನಲ್ಲಿದೆ. ಎಳೆಯನ್ನು ಬಾಗಿಲ ಸಂದಿಯಲ್ಲಿ ಮಡಿಸಿರುವುದು, ಮೊಳೆಗೆ ಸುತ್ತಿರುವುದು, ಇಲಿ ಅಳಿಲುಗಳ ಹಲ್ಲು, ತುದಿಯ ಮೇಲಿನ ಧೂಳು ಇವು ಸಾಮಾನ್ಯ ಕಾರಣಗಳು. ಮಡಿಕೆಯನ್ನು ಬಿಡಿಸಿ ಅಗಲವಾದ ಸುರುಳಿ ಮಾಡುವುದನ್ನು ನಾವೇ ಮಾಡಬಹುದು. ಆದರೆ ಎಳೆಯ ತುದಿಯನ್ನು ಬಿಚ್ಚಿ ಕಣ್ಣಿನ ಮುಂದೆ ಹಿಡಿಯಕೂಡದು. ಅದರಲ್ಲಿನ ಬೆಳಕು ಕಣ್ಣಿಗೆ ಕಾಣದು, ಹಾನಿ ಮಾತ್ರ ಮಾಡಬಲ್ಲುದು.

ಅಲ್ಪ ದೋಷವೂ ವೇಗವನ್ನು ಇಷ್ಟೇಕೆ ಕುಗ್ಗಿಸುತ್ತದೆ ಎಂಬ ಪ್ರಶ್ನೆ ಏಳಬಹುದು. 1986ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ, ಪರಸ್ಪರ 400 ಗಜ ದೂರದಲ್ಲಿದ್ದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯಕ್ಕೂ ಬರ್ಕಲಿ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಜಾಲ ತುಂಬಿ ಕಂತುಗಳು ಕಳೆದುಹೋದಷ್ಟೂ ಯಂತ್ರಗಳು ಮತ್ತೆ ಮತ್ತೆ ಕಳುಹಿಸಿ ಇನ್ನಷ್ಟು ತುಂಬುತ್ತಿದ್ದುವು. ವ್ಯಾನ್ ಜೇಕಬ್‌ಸನ್ ಎಂಬವರು 1988ರಲ್ಲಿ ಪ್ರಕಟಿಸಿದ ಪರಿಹಾರದ ಸಾರವಿದು: ಕಂತು ಕಳೆದುಹೋಯಿತೆಂದು ಕಂಡೊಡನೆ ಕಳುಹಿಸುವವನು ವೇಗ ತಗ್ಗಿಸಬೇಕು, ಆಮೇಲೆ ಮೆಲ್ಲಮೆಲ್ಲನೆ ಏರಿಸಬೇಕು. ಲೋಕದ ಜಾಲ ಉಳಿದದ್ದು ಈ ಸೌಜನ್ಯದಿಂದ. ಆದರೆ ಎಳೆಯ ಮಡಿಕೆಯಿಂದಲೋ ಸಡಿಲ ತುದಿಯಿಂದಲೋ ಕಂತು ಕಳೆದರೂ ನಮ್ಮ ಯಂತ್ರ ಅದನ್ನು ನೂಕುನುಗ್ಗಲೆಂದೇ ತಿಳಿದು ಹಿಂಜರಿಯುವುದುಂಟು.

ಬೆಟ್ಟದ ನೆರಳು

ಎಳೆ ತಲುಪದ ಮನೆಗಳಿಗೆ ಗೋಪುರದ ಅಲೆಗಳೇ ಗತಿ. 2022ರ ಅಕ್ಟೋಬರ್ 1ರಂದು ನಮ್ಮ ದೇಶದಲ್ಲಿ ಐದನೆಯ ಪೀಳಿಗೆಯ ಸೇವೆ ಆರಂಭವಾಯಿತು. 2023ರಿಂದ ಅದನ್ನೇ ಮನೆಯ ಸಂಪರ್ಕವಾಗಿಯೂ ಕೊಡತೊಡಗಿದರು. ಇಲ್ಲಿ ಕಳುಹಿಸುವ ವೇಗಕ್ಕೆ ಎರಡು ಅಡಚಣೆಗಳು. ಗೋಪುರ ಹತ್ತಾರು ವ್ಯಾಟ್ ಶಕ್ತಿಯಿಂದ ಕೂಗುತ್ತದೆ. ಕೈಫೋನಿಗೆ ಸಾಮಾನ್ಯವಾಗಿ ಇರುವ ಮಿತಿ ಒಂದು ವ್ಯಾಟಿನ ಐದನೆಯ ಒಂದು ಪಾಲು. ವೇದಿಕೆಯ ಧ್ವನಿವರ್ಧಕ ಊರಿಗೆಲ್ಲ ಕೇಳುತ್ತದೆ, ಸಭೆಯ ಕೊನೆಯಲ್ಲಿ ನಿಂತವನ ಪ್ರಶ್ನೆ ವೇದಿಕೆಗೆ ಕೇಳದು. ಎರಡನೆಯದಾಗಿ, ಹಲವು ಪಟ್ಟಿಗಳಲ್ಲಿ ಒಂದೇ ಅಲೆಯನ್ನು ಎರಡು ದಿಕ್ಕಿಗೂ ಸರದಿಯ ಮೇಲೆ ಬಳಸುತ್ತಾರೆ. ಆ ಸರದಿಯಲ್ಲಿ ಹೆಚ್ಚಿನ ಕಾಲ ತರಿಸುವುದಕ್ಕೇ ಮೀಸಲು.

ಇದರ ಮೇಲೆ ಅಂಬಾಜಿದುರ್ಗದ ಹೆಬ್ಬಂಡೆ. ಒಂದು ಕಾಲದಲ್ಲಿ ಶತ್ರುಗಳನ್ನು ತಡೆಯಲೆಂದು ಕೋಟೆ ಕಟ್ಟಿದ ಬೆಟ್ಟ ಇಂದು ಅಲೆಗಳನ್ನು ತಡೆಯುತ್ತದೆ. ಗೋಪುರ ಬೆಟ್ಟದ ಆಚೆಗಿದ್ದರೆ ಈಚೆಯ ಮನೆ ನೆರಳಿನಲ್ಲಿ ಬೀಳುತ್ತದೆ. ಇದೇ ಜಿಲ್ಲೆಯ ಗೌರಿಬಿದನೂರಿನ ಬಳಿ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ 1970ರ ದಶಕದಲ್ಲಿ ಒಂದು ರೇಡಿಯೋ ದೂರದರ್ಶಕವನ್ನು ಸ್ಥಾಪಿಸಿದುವು. ಆಕಾಶದಿಂದ ಬರುವ ಕ್ಷೀಣ ಅಲೆಗಳನ್ನು ಕೇಳುವವರಿಗೆ ಗಲಾಟೆಯಿಂದ ಮರೆಯಾದ ಸ್ಥಳವೇ ಬೇಕು. ಬೆಟ್ಟಗಳು ಅವರಿಗೆ ಮಿತ್ರರು. ಕೇಳುವವನಿಗೆ ವರವಾದದ್ದು ಹೇಳುವವನಿಗೆ ಶಾಪ.

ಕೈಲಾಸಗಿರಿಯ ಕಡೆಯ ಮಿತ್ರನೊಬ್ಬನ ಮನೆಯಲ್ಲಿ ನಾವು ಮಾಡಿದ ಪ್ರಯೋಗವನ್ನು ಹೇಳುತ್ತೇನೆ. ಅವನ ಪೆಟ್ಟಿಗೆ ಅಡುಗೆಮನೆಯ ಗೂಡಿನಲ್ಲಿತ್ತು. ಅದನ್ನು ಕಿಟಕಿಗೆ, ಜಗಲಿಗೆ, ಮಾಳಿಗೆಯ ನಾಲ್ಕು ಮೂಲೆಗಳಿಗೆ ಒಯ್ದು, ಪ್ರತಿಯೊಂದು ಕಡೆಯೂ ಮೂರು ಸಲ ಅಳೆದು ಬರೆದೆವು. ತರಿಸುವ ವೇಗದಲ್ಲಿ ಮೂಲೆಯಿಂದ ಮೂಲೆಗೆ ಅಷ್ಟಾಗಿ ವ್ಯತ್ಯಾಸ ಕಾಣಲಿಲ್ಲ. ಕಳುಹಿಸುವ ವೇಗ ಮಾತ್ರ ಈಶಾನ್ಯದ ಮೂಲೆಯಲ್ಲಿ ಹಲವು ಪಟ್ಟು ಹೆಚ್ಚಾಯಿತು. ಅಲ್ಲಿಂದ ಬಂಡೆಯ ಅಂಚು ದಾಟಿ ದೂರದ ಗೋಪುರವೊಂದು ಕಾಣುತ್ತಿತ್ತು. “ವಾಸ್ತು ಪ್ರಕಾರ ಈಶಾನ್ಯವೇ ಸರಿ ಅಂತ ನಾನು ಮೊದಲೇ ಹೇಳಿರಲಿಲ್ಲವೇನಪ್ಪ?” ಎಂದು ಅವನ ಅಜ್ಜಿ ಗೆದ್ದ ಮುಖದಿಂದ ಹೇಳಿದರು. ನಾವು ವಾದಿಸಲಿಲ್ಲ, ಫಲ ಒಂದೇ ಆಗಿದ್ದಿತು.

ಕಡತವನ್ನೇ ಹಗುರಮಾಡುವುದು

ದಾರಿ ಸರಿಯಾಗದಿದ್ದರೆ ಹೊರೆಯನ್ನಾದರೂ ಇಳಿಸಬಹುದು. ಒಂದು ಎ-4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಬಣ್ಣದಲ್ಲಿ ಪಡಿಯಚ್ಚು ತೆಗೆದರೆ, ಅದುಮಿಡದ ಸ್ಥಿತಿಯಲ್ಲಿ ಅದು ಸುಮಾರು 26 ಮೆಗಾಬೈಟ್. ಅದೇ ಹಾಳೆಯನ್ನು ಅಂಗುಲಕ್ಕೆ 150 ಚುಕ್ಕೆಯಂತೆ, ಬಣ್ಣವಿಲ್ಲದೆ ತೆಗೆದರೆ 2.2 ಮೆಗಾಬೈಟ್, ಅಂದರೆ ಹನ್ನೆರಡನೆಯ ಒಂದು ಪಾಲು. ಓದುವುದಕ್ಕೆ ಇದು ಧಾರಾಳವಾಗಿ ಸಾಕು. ಅದುಮಿದ ಮೇಲೆ ಎರಡೂ ಇನ್ನೂ ಕುಗ್ಗುತ್ತವೆ. ಇದಲ್ಲದೆ, ಕಡೆಯ ದಿನದ ರಾತ್ರಿ ಅತ್ತಲಿನ ಯಂತ್ರದ ಬಾಗಿಲಲ್ಲೇ ನೂಕುನುಗ್ಗಲಿರುತ್ತದೆ. ನಮ್ಮ ಮನೆಯ ವೇಗ ಎಷ್ಟಿದ್ದರೂ ಪ್ರಯೋಜನವಿಲ್ಲ. ಬೇರೆ ಕಡೆಗೆಲ್ಲ ಚೆನ್ನಾಗಿ ಹೋಗುತ್ತಿದ್ದು ಒಂದು ತಾಣಕ್ಕೆ ಮಾತ್ರ ಹೋಗದಿದ್ದರೆ ದೋಷ ಅತ್ತಲಿನದೆಂದು ತಿಳಿದು, ಬೆಳಗಿನ ಜಾವಕ್ಕೆ ಎದ್ದು ಕಳುಹಿಸುವುದು ಮೇಲು.

ದೂರು ಕೊಡುವ ಬಗೆ

ಇಷ್ಟೆಲ್ಲ ಮಾಡಿದ ಮೇಲೂ ತಂತಿಯಲ್ಲಿ ಅಳೆದ ವೇಗ ಕಡಿಮೆಯಾಗಿಯೇ ಉಳಿದರೆ ಆಗ ದೂರು ಕೊಡಬೇಕು. “ನೆಟ್ ಬರುತ್ತಿಲ್ಲ” ಎಂದರೆ “ರೂಟರ್ ಆರಿಸಿ ಹಚ್ಚಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. “ಮೂರು ದಿನ, ಮೂರು ಹೊತ್ತು, ತಂತಿಯಿಂದ ಜೋಡಿಸಿ ಅಳೆದಿದ್ದೇನೆ, ತರಿಸುವ ವೇಗ ಇಷ್ಟು, ಕಳುಹಿಸುವ ವೇಗ ಇಷ್ಟು, ಬೆಳಕಿನ ಬಲ ಇಷ್ಟು” ಎಂದು ನೋಟುಪುಸ್ತಕ ಬಿಚ್ಚಿದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಕಂಬ ಹತ್ತುವ ಅಣ್ಣನಿಗೂ ಅದರಿಂದ ಅರ್ಧ ದಿನದ ಕೆಲಸ ಉಳಿಯುತ್ತದೆ. ದೂರಿಗೆ ಒಂದು ನಂಬರು ಕೊಡುವುದು ಸಂಪರ್ಕ ಕೊಡುವವರ ಕರ್ತವ್ಯ, ಅದನ್ನು ಬರೆದಿಡಬೇಕು. ಪರಿಹಾರ ದೊರೆಯದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೆ ಬರೆದುಕೊಳ್ಳುವ ಹಕ್ಕನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಾವಳಿ ನಮಗೆ ಕೊಟ್ಟಿದೆ. ಬಲ್ಲವರು ಕಡಿಮೆಯಾದುದರಿಂದ ಬಳಸುವವರೂ ಕಡಿಮೆ.

ಕೊನೆಯದಾಗಿ ಒಂದು ಮಾತು. ತರಿಸುವ ವೇಗವೆಂದರೆ ನಾವು ಕೇಳುವ ಶಕ್ತಿ. ಕಳುಹಿಸುವ ವೇಗವೆಂದರೆ ನಾವು ಹೇಳುವ ಶಕ್ತಿ. ತಂತಿಯನ್ನೂ ಗೋಪುರವನ್ನೂ ನಿಯಮವನ್ನೂ ರೂಪಿಸಿದವರು ಹಳ್ಳಿಯ ಮನೆಯನ್ನು ಬಹುಮಟ್ಟಿಗೆ ಕೇಳುವ ಮನೆಯೆಂದೇ ಎಣಿಸಿದರು. ಆದರೆ ರೇಷ್ಮೆಗೂಡಿನ ಚಿತ್ರವನ್ನು ದೂರದ ಕೊಳ್ಳುವವನಿಗೆ ತೋರಿಸಬೇಕಾದ ರೈತ, ಮನೆಯಿಂದಲೇ ಪಾಠ ಹೇಳುವ ಶಿಕ್ಷಕಿ, ಅರ್ಜಿ ಕಳುಹಿಸುವ ವಿದ್ಯಾರ್ಥಿ ಇವರೆಲ್ಲರಿಗೂ ಹೇಳಬೇಕಾದುದು ಬಹಳವಿದೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಒಂದೊಂದು ನೋಟುಪುಸ್ತಕ ಹಿಡಿದು ಮೂರು ದಿನ ಅಳೆದು ಬರೆದರೆ, ಯಾವ ಹಳ್ಳಿ ನೆರಳಿನಲ್ಲಿದೆ, ಯಾವ ಕವಲು ಕೆಟ್ಟಿದೆ ಎಂಬುದರ ನಕ್ಷೆ ತಾನಾಗಿ ಸಿದ್ಧವಾದೀತು. ಅಂಥದೊಂದು ಕೆಲಸವನ್ನು ಮುಂದಿನ ವರ್ಷ ನಮ್ಮ ಭೂಗೋಳ ವಿಭಾಗದ ಆಶ್ರಯದಲ್ಲಿ ಕೈಗೊಳ್ಳಬಹುದೆಂದು ಅಧ್ಯಾಪಕರಲ್ಲಿ ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇನೆ.